ಎಡಗಿವಿಯ ಗುನುಗು

ನನ್ನ ಎಡಗಿವಿ ಕೇಳುವುದಿಲ್ಲ. ಒಳಗಿನ ನರವೇ ಸತ್ತಿದೆ, ಪಕ್ಕದಲ್ಲಿ ಪಟಾಕಿ ಹಚ್ಚಿದರೂ ಕೇಳಿಸದು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದಿನದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಂಬದಿರಲು ನಾನೂ ಬಹಳ ಪ್ರಯತ್ನಪಟ್ಟಿದ್ದೇನೆ.

ಎಂಟು ವರ್ಷದವನಿದ್ದಾಗ ಅಪ್ಪ ನನ್ನನ್ನು ಸುರಪುರದ ಹತ್ತಿರದ ದೇವಾಪುರದಿಂದ ಇಂಗ್ಲೆಂಡಿಗೆ ಕರೆದೊಯ್ದ. ಅವನಿಗೆ ಅಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನನಗೆ ಗಿಟಾರಿನ ಹುಚ್ಚು. ಮುಂದೆ ಅದೇ ಹೊಟ್ಟೆಪಾಡಾಯಿತು. ರಾಕ್ ಹಾಡುಗಾರರು ಸ್ಟುಡಿಯೋಗೆ ಕರೆಸುತ್ತಿದ್ದರು. ಹೆಡ್‌ಫೋನಿನಲ್ಲಿ ಬಂದದ್ದಕ್ಕೆ ನುಡಿಸಿ ಎದ್ದು ಬರುವುದು, ಅಷ್ಟೇ. ಹಾಡೂ ಅವರದು, ಹೆಸರೂ ಅವರದು. ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವಾಗ ನನ್ನದೇ ಗಿಟಾರ್ ಕೇಳಿಬಂದರೂ ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ. ಅವರೊಂದಿಗೆ ಊರೂರು ತಿರುಗುತ್ತ, ಡ್ರಮ್ಮಿನ ಪಕ್ಕ ನಿಂತು ನಿಂತು ಎಡಗಿವಿ ಹೋಯಿತು.

ಕಳೆದ ಚಳಿಗಾಲದಲ್ಲಿ ಮೊದಲ ಸಲ ಊರಿಗೆ ಬಂದೆ. ಸೋದರತ್ತೆಯ ಮಗ ಮಲ್ಲಪ್ಪ ಯಾದಗಿರಿ ಸ್ಟೇಷನ್ನಿಗೆ ಬಂದು ಮನೆಗೆ ಕರೆದೊಯ್ದ.

ಅಂದು ಕತ್ತಲಾಗುತ್ತಿದ್ದಂತೆ ಕರೆಂಟು ಹೋಯಿತು. ಹೊರಗೆ ಕಟ್ಟೆಯ ಮೇಲೆ ನಾವಿಬ್ಬರೇ. ಗದ್ದೆಯ ಕಡೆಯಿಂದ ಕಪ್ಪೆಗಳ ಸದ್ದು. ಒಳಗೆ ಒಲೆಯ ಬೆಳಕಿನಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು.

"ಮಾವ, ಏನರ ಬಾರಸು," ಎಂದ ಮಲ್ಲಪ್ಪ.

ಗಿಟಾರ್ ತೆಗೆದು ತಂತಿ ಬಿಗಿಮಾಡುತ್ತಿದ್ದೆ. ಯಾರೋ ಗುನುಗಿದರು... ಎಳೆಯ ದನಿ. ಮಾತಿಲ್ಲ, ಬರೀ ರಾಗ.

"ಯಾರ ಹಾಡಾಕತ್ತಾರ?"

"ಯಾರೂ ಇಲ್ಲಲ್ಲ ಮಾವ..."

ಆಗ ಗಮನಿಸಿದೆ. ಆ ದನಿ ನನ್ನ ಎಡಗಿವಿಯಲ್ಲಿತ್ತು.

ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದೆ. ಕಪ್ಪೆಗಳ ಸದ್ದು ಹೋಯಿತು. ರೊಟ್ಟಿಯ ಸದ್ದೂ ಹೋಯಿತು. ಮಲ್ಲಪ್ಪನ ತುಟಿ ಅಲ್ಲಾಡುತ್ತಿತ್ತು, ಮಾತು ಕೇಳಲಿಲ್ಲ. ಗುನುಗು ಮಾತ್ರ... ಸ್ಪಷ್ಟವಾಗಿ, ಹತ್ತಿರದಲ್ಲೇ.

ಓಡಬೇಕಿತ್ತು. ಆದರೆ ಕಿವಿಗೆ ಬಂದದ್ದರ ಹಿಂದೆ ಹೋಗಿಯೇ ಬದುಕಿದವನು ನಾನು. ಬಲಗಿವಿಯಿಂದ ಕೈ ತೆಗೆದೆ; ಬೆರಳು ತಾನಾಗಿ ತಂತಿಯ ಮೇಲೆ ಹೋಯಿತು. ಆ ರಾಗವನ್ನೇ ನುಡಿಸಿದೆ. ಮುಗಿಯಿತು. ಮತ್ತೆ ಮೊದಲಿನಿಂದ ಶುರುವಾಯಿತು. ನಾನೂ ಶುರುಮಾಡಿದೆ.

ರೊಟ್ಟಿ ಸೀದ ವಾಸನೆ ಬಂತು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ, ಕೈತುಂಬ ಹಿಟ್ಟು.

"ಬಸೂ... ಇದನ್ನ ಯಾರ ಕಲಿಸ್ಯಾರ ನಿನಗ?"

"ಯಾರೂ ಇಲ್ಲ ಅತ್ತಿ. ಕೇಳಸಾಕತ್ತದ."

ಅವಳು ಹೊಸ್ತಿಲಲ್ಲೇ ಕುಳಿತಳು. "ನನ್ನ ಮಗಳು ಶಾಂತಿದು ಅದು. ನೀ ಹ್ವಾದ ಮ್ಯಾಲ ಹುಟ್ಟಿದಾಕಿ. ಮಾತ ಬರ್ತಿರಲಿಲ್ಲ ಕೂಸಿಗೆ, ದಿನಾ ಹಿಂಗ ಗುನಗ್ತಿತ್ತು. ಏಳ ವರ್ಷಕ್ಕ ಜ್ವರ ಬಂದು..."

ನಾನು ತಂತಿಯಿಂದ ಕೈ ತೆಗೆಯಲು ಹೋದೆ.

"ನಿಲ್ಲಸಬ್ಯಾಡೋ ನನ್ನಪ್ಪ! ನಿಲ್ಲಸಿದ್ರ ಹೋಗಿಬಿಡ್ತಾಳ ಆಕಿ..."

ನುಡಿಸುತ್ತಲೇ ಹೋದೆ. ಅತ್ತೆ ಕಣ್ಣು ಮುಚ್ಚಿ, ನಗುತ್ತ ಅಳುತ್ತ ತೂಗುತ್ತಿದ್ದಳು. ಮಲ್ಲಪ್ಪ ಗೋಡೆಗೆ ಅಂಟಿಕೊಂಡಿದ್ದ. ಬರಬರುತ್ತ ಗುನುಗಿನ ಜೊತೆ ಉಸಿರೂ ಕೇಳತೊಡಗಿತು. ಬೆಚ್ಚಗಿನ ಉಸಿರು, ಕಿವಿಗೆ ತಾಕುವಷ್ಟು...

ತಟ್ಟನೆ ತಂತಿಗಳನ್ನು ಅಂಗೈಯಿಂದ ಅದುಮಿಬಿಟ್ಟೆ. ಎಡಗಿವಿ ಮತ್ತೆ ಕಲ್ಲಾಯಿತು.

"ಯಾಕ ನಿಲ್ಲಸಿದಿ?" ಅತ್ತೆ ಕೂಗಿದಳು. ಅಂದು ರಾತ್ರಿ ಯಾರೂ ಉಣ್ಣಲಿಲ್ಲ.

ಬೆರಳು ಸೋತಿತ್ತು ಎಂದು ಅವಳಿಗೆ ಹೇಳಿದೆ. ಈಗಲೂ ಫೋನಿನಲ್ಲಿ ಕೇಳುತ್ತಾಳೆ: "ಬಸೂ, ಮತ್ತ ಬಾರಸಿದ್ದೇನು? ಬಂದಿದ್ದಳೇನು?" ಇಲ್ಲ ಎನ್ನುತ್ತೇನೆ. ಅಂದಿನಿಂದ ಗಿಟಾರನ್ನೇ ಮುಟ್ಟಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹೇಗೆ ಹೇಳಲಿ? ಅಂದು ನನ್ನ ಎಡಗಿವಿಯಲ್ಲಿ ಕೂಸು ಒಂದೇ ಇರಲಿಲ್ಲ. ಪ್ರತಿ ಸಲ ರಾಗ ಮುಗಿದಾಗ, ಕೂಸಿನ ಹಿಂದಿನಿಂದ ಒಂದು ಗಂಡುದನಿ ಮೆಲ್ಲಗೆ "ಇನ್ನೊಮ್ಮಿ" ಎನ್ನುತ್ತಿತ್ತು...

ಕೂಸು ಬಿಕ್ಕುತ್ತಿತ್ತು. ಆಮೇಲೆ ಮತ್ತೆ ಶುರುಮಾಡುತ್ತಿತ್ತು.