ಮದ್ದಿನ ಮೇಲೆ ಕೂತ ಎಣಿಕೆಯಮ್ಮ

ಬೆಳಗಿನ ಐದೂವರೆ. ಯುದ್ಧದ ಸಿನಿಮಾಕ್ಕೆಂದು ಹಲಗೆ, ಬಣ್ಣದಲ್ಲಿ ಎಬ್ಬಿಸಿದ ಅನಾಥಾಲಯ. ಅದರ ಅಂಗಳದಲ್ಲಿ ಸಿಡಿಮದ್ದು ಹೂತ ಗುಂಡಿಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಸಿಡಿಸುವ ತಂತಿ ಇನ್ನೂ ಜೋಡಿಸಿಲ್ಲ, ನಿಜ. ಆದರೂ ಪತ್ರಿಕೆಗೆ ಬರೆಯಲು ಬಂದ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಅಮ್ಮಾ, ಏಳಿ. ಮಕ್ಕಳ ಮುಖದಲ್ಲಿ ನಿಜವಾದ ಭಯ ಬೇಕು ನಂಗೆ. ಇದೊಂದ್ಸಲ ಅವ್ರಿಗೆ ಮೊದ್ಲೇ ಹೇಳ್ಬೇಡಿ," ಎಂದು ನಿರ್ದೇಶಕರು ಅಂಗಲಾಚುತ್ತಾರೆ.

"ಹೇಳ್ದೆ ಸಿಡಿಸೋದಾದ್ರೆ ನನ್ನನ್ನೂ ಸೇರಿಸಿ ಸಿಡಿಸಿ ಸಾರ್. ನಾಳೆಯಿಂದ ಬರ್ಬೇಡ ಅಂತೀರಾ? ಬರಲ್ಲ, ಬಿಡಿ. ಇವತ್ತಂತೂ ಏಳಲ್ಲ."

ಮೂವತ್ತೊಂದು ವರ್ಷದಿಂದ ಇವರು ಚಿತ್ರೀಕರಣದ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಈ ಚಿತ್ರದಲ್ಲಿ ಅನಾಥರಾಗಿ ನಟಿಸುವ ಇಪ್ಪತ್ತೆರಡು ಮಕ್ಕಳೂ ಇವರ ಸುಪರ್ದಿಯಲ್ಲಿ. ದಿನಕ್ಕೆ ಹದಿನಾರು ಸಲ ಎಣಿಸುತ್ತಾರೆ, ಅದೂ ಮೂಗು ಮುಟ್ಟಿ. ಹಾಗಾಗಿ ಎಲ್ಲರ ಬಾಯಲ್ಲೂ ಎಣಿಕೆಯಮ್ಮ.

ಮೂಗೇ ಯಾಕೆ? "ಹಿಂದೊಂದ್ಸಲ ಟೋಪಿ ಎಣಿಸಿ ಮೋಸ ಹೋದೆ ಕಣಪ್ಪ. ಹೆಣದ ಬದ್ಲು ಮಲಗ್ಸಿದ್ದ ಹುಲ್ಲು ಗೊಂಬೆನೂ ಲೆಕ್ಕಕ್ಕೆ ಸೇರ್ಕೊಂಡ್ಬಿಡ್ತು. ಒಂದು ಮಗು ಗೋಡೆ ಹಿಂದೆ ನಿದ್ದೆ ಮಾಡ್ತಿತ್ತು. ಪಕ್ಕದಲ್ಲೇ ಢಮ್ ಅಂತು. ಗಾಯ ಆಗ್ಲಿಲ್ಲ, ಆದ್ರೆ ಮೂರು ದಿನ ಮಾತೇ ಆಡ್ಲಿಲ್ಲ ಆ ಕಂದ. ಗೊಂಬೆ ಮೂಗು ಬೆಚ್ಚಗಿರಲ್ಲ ನೋಡು!"

ಇವರು ಐದು ವರ್ಷದವರಿದ್ದಾಗ ನಿಜವಾದ ಯುದ್ಧವೊಂದು ಅಪ್ಪ, ಅಮ್ಮ ಇಬ್ಬರನ್ನೂ ಕಸಿದುಕೊಂಡಿತು. "ಬಾಂಬ್ ಬಿದ್ಮೇಲೆ ಎಲ್ರೂ ಅವರವರ ಮಕ್ಕಳನ್ನ ಎಣಿಸ್ಕೊಂಡ್ರು. ನನ್ನನ್ನ ಎಣಿಸೋರು ಯಾರೂ ಇರ್ಲಿಲ್ಲ." ಅಷ್ಟು ಹೇಳಿ ಕೈಗಂಟಿದ ಮಣ್ಣು ಕೊಡವುತ್ತಾರೆ.

ಕೊನೆಗೆ ನಿರ್ದೇಶಕರೇ ಸೋಲುತ್ತಾರೆ. ಮಕ್ಕಳು ಬಂದು ಗುಂಡಿ ನೋಡುತ್ತಾರೆ, ಎಲ್ಲಿಗೆ ಓಡಬೇಕೆಂದು ಕಲಿಯುತ್ತಾರೆ, ಹೂತ ಮದ್ದಿಗೆ 'ಗೊರಕೆ ತಾತ' ಎಂದು ಹೆಸರಿಟ್ಟು ನಗುತ್ತಾರೆ. ತಂತಿ ಜೋಡಣೆಯಾಗುತ್ತದೆ. ಢಮಾರ್! ಅಬ್ಬಬ್ಬಾ, ಎಲ್ಲ ಗೊತ್ತಿದ್ದೂ ಆ ಪುಟಾಣಿಗಳು ಹೆದರಿ ಓಡುವ ಪರಿಯೇ! ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಾರೆ. ಎಣಿಕೆಯಮ್ಮ ಮಾತ್ರ ಏನನ್ನೂ ನೋಡಿಲ್ಲ. ಗೋಡೆಗೆ ಆತು, ಕಣ್ಣು ಮುಚ್ಚಿ ಗಡಗಡ ನಡುಗುತ್ತಿದ್ದಾರೆ.

ಹೊಗೆ ಇಳಿದದ್ದೇ ತಡ, ಎಣಿಕೆ ಶುರು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಸಾಲಿನ ಕೊನೆಯ ಹುಡುಗಿ ತುದಿಗಾಲಲ್ಲಿ ನಿಂತು ಇವರ ಮೂಗು ಮುಟ್ಟುತ್ತಾಳೆ. "ಅಜ್ಜಿ, ಇಪ್ಪತ್ಮೂರು!"

ಪರದೆಯ ಮೇಲೆ ಹೆಸರು ಬರಬೇಕೆಂಬ ಆಸೆ ಇಲ್ಲವೇ ಎಂದು ಆಮೇಲೆ ಕೇಳುತ್ತೇನೆ.

"ಹೆಸರು ಯಾಕಪ್ಪ?" ಎನ್ನುತ್ತಾ ಮೂಗು ಒರೆಸಿಕೊಳ್ಳುತ್ತಾರೆ. "ಎಣಿಕೆಗೆ ಬಂದ್ನಲ್ಲ, ಸಾಕು."