ಬಂಡೆಯ ಮೇಲಿನ ಉಪ್ಪು

ಮೊನ್ನೆ ಶನಿವಾರ ಬೀರು ಖಾಲಿ ಮಾಡುವಾಗ ಬೆಟ್ಟ ಹತ್ತಲು ಒಯ್ಯುತ್ತಿದ್ದ ಹಳೆಯ ಬ್ಯಾಗು ಕೈಗೆ ಸಿಕ್ಕಿತು. ಎಡಗಡೆಯ ಪಟ್ಟಿಯ ಮೇಲೆ ಬೆವರು ಒಣಗಿದ ಬಿಳಿ ಗೆರೆಗಳು. ಪಟ್ಟಿಯ ತುದಿ ಯಾರೋ ಜಗಿದು ಬಿಟ್ಟಂತೆ ನಾರುನಾರಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಬೆವರಿನ ಜೊತೆಗೆ ಉಮೆಬೋಶಿಯ ವಾಸನೆ ಇನ್ನೂ ಸ್ವಲ್ಪ ಉಳಿದಿತ್ತು. ಉಮೆಬೋಶಿ ಅಂದರೆ ಇಲ್ಲಿಯವರು ಉಪ್ಪಿನಲ್ಲಿ ಹಾಕಿ ಒಣಗಿಸುವ ಹುಳಿಹಣ್ಣು. ಕೆಳಮನೆಯ ಓಜೀಸಾನ್ ಪ್ರತಿ ಶನಿವಾರ ಬೆಟ್ಟದ ಅರ್ಧ ದಾರಿಯಲ್ಲಿ ನನ್ನ ಅಂಗೈಗೆ ಒಂದು ಹಾಕುತ್ತಿದ್ದರು.

ಓಜೀಸಾನ್ ಅಂದರೆ ಅಜ್ಜ. ನಾನು, ನನ್ನ ಹೆಂಡತಿ ಇಬ್ಬರೂ ಅವರನ್ನು ಹಾಗೇ ಕರೆಯುತ್ತಿದ್ದೆವು. ನಾನು ನಗೋಯಾ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರು. ಮನೆ ಮಾತ್ರ ದೂರ, ಸುಝುಕಾ ಬೆಟ್ಟಸಾಲಿನ ಬುಡದಲ್ಲಿ. ಕೊರೊನಾ ಬಂದು ಆಫೀಸು ಮುಚ್ಚಿದಾಗ ನಾನು ಬೋನಿಗೆ ಹಾಕಿದ ಹುಲಿಯ ಹಾಗೆ ಕಾರು ನಿಲ್ಲಿಸುವ ಜಾಗದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಅದನ್ನು ಒಂದು ವಾರ ಕಿಟಕಿಯಿಂದ ನೋಡಿದ ಓಜೀಸಾನ್ ಒಂದು ದಿನ ಹೊರಗೆ ಬಂದು ಬೆಟ್ಟದ ಕಡೆ ಕೈ ತೋರಿಸಿದರು. ಮಾಸ್ಕು ಹಾಕಿಕೊಂಡು ಅವರು ಮುಂದೆ, ಹತ್ತು ಹೆಜ್ಜೆ ಬಿಟ್ಟು ನಾನು ಹಿಂದೆ. ಶನಿವಾರ ಬೆಳಿಗ್ಗೆ ಆರಕ್ಕೆ ಕೆಳಗೆ ಅವರ ಕೋಲಿನ ಸದ್ದಾದರೆ ಸಾಕು, ಹೆಂಡತಿ ಹೊದಿಕೆಯೊಳಗಿಂದಲೇ, "ಏಳ್ರೀ, ನಿಮ್ಮ ಗುರುಗಳು ಬಂದ್ರು" ಅನ್ನುತ್ತಿದ್ದಳು.

ಗುರುಗಳೇ. ಪ್ರಾಯದಿಂದಲೇ ನಲವತ್ತು ವರ್ಷ ಆ ಬೆಟ್ಟದ ತಂಗುಮನೆಯಲ್ಲಿ ಕೆಲಸ ಮಾಡಿದವರು. ಅವರ ಪಾಠವೆಲ್ಲ ಕಾಮೋಶಿಕಾದ ಬಗ್ಗೆ. ಅದು ಇಲ್ಲಿಯ ಬೆಟ್ಟದ ಮೇಕೆ ಅನ್ನಬಹುದು. ಮೈ ಮೇಕೆಯದು, ಬೂದು ಕೂದಲು, ಗೇಣುದ್ದದ ಚೂಪು ಕೊಂಬು. ಮುಖ ಮಾತ್ರ ಕರುವಿನದೇ. ಮನುಷ್ಯರನ್ನು ಕಂಡರೆ ಓಡುವುದಿಲ್ಲ, ನಿಂತು ನೋಡುತ್ತದೆ. ನಮ್ಮನ್ನೇ ಏನೋ ಕೇಳುವ ಹಾಗೆ ನೋಡುತ್ತದೆ. ಮೊದಲ ಸಲ ಕಂಡಾಗ ನಾನು ಮೊಬೈಲು ತೆಗೆದು ನಾಲ್ಕು ಹೆಜ್ಜೆ ಮುಂದೆ ಹೋದೆ. ಓಜೀಸಾನ್ ಕೋಲನ್ನು ನನ್ನೆದೆಗೆ ಅಡ್ಡ ಹಿಡಿದರು. ಆಮೇಲೆ ತಮ್ಮ ಕೈ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ತೋರಿಸಿದರು. ಪ್ರಾಣಿ ಪೂರ್ತಿ ಹೆಬ್ಬೆರಳ ಹಿಂದೆ ಅಡಗಿದರೆ ಸರಿ. ಕಿವಿಯೋ ಬಾಲವೋ ಆಚೆ ಕಂಡರೆ ನಾವು ತೀರಾ ಹತ್ತಿರ ಇದ್ದೇವೆ, ಹಿಂದೆ ಸರಿಯಬೇಕು. ಬೆನ್ನು ತೋರಿಸಿ ಓಡಬಾರದು. ದಾರಿ ಅದರದ್ದು, ಬಿಟ್ಟುಕೊಡಬೇಕು. ಮೂಗಿನಿಂದ ಬುಸ್ ಅಂದು ಕಾಲು ನೆಲಕ್ಕೆ ಬಡಿದರೆ ಅದಕ್ಕೆ ಸಿಟ್ಟು ಬಂದಿದೆ ಎಂದರ್ಥ. ಆದರೂ ಮೇಲೆ ಬಂದರೆ ಎರಡೂ ಕೈ ಎತ್ತಿ ದೊಡ್ಡದಾಗಿ ಕೂಗಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ಉಪ್ಪಿನದು. ಉಪ್ಪೆಂದರೆ ಅವಕ್ಕೆ ಜೀವ. ದಾರಿಯ ಪಕ್ಕ ಮೂತ್ರ ಮಾಡಬಾರದು, ಅದರ ಉಪ್ಪಿಗೂ ಬರುತ್ತವೆ. ಬೆವರಿದ ಬ್ಯಾಗು ಕೆಳಗಿಟ್ಟು ಆಚೆ ಹೋಗಬಾರದು. ತಿನ್ನಲು ಏನೂ ಕೊಡಬಾರದು. ಒಮ್ಮೆ ಕೊಟ್ಟರೆ ಅದು ಮುಂದೆ ಬರುವ ಪ್ರತಿ ಮನುಷ್ಯನ ಹತ್ತಿರವೂ ಬರುತ್ತದೆ, ಕೊನೆಗೆ ಇಬ್ಬರಲ್ಲಿ ಒಬ್ಬರಿಗೆ ಪೆಟ್ಟು. ಓಜೀಸಾನ್ ಉಮೆಬೋಶಿಯ ಬೀಜವನ್ನೂ ಉಗುಳದೆ ಕಾಗದದಲ್ಲಿ ಸುತ್ತಿ ಜೇಬಿಗಿಡುತ್ತಿದ್ದರು. ನನಗೆ ಒಳಗೊಳಗೇ ನಗು. ಒಂದು ಮೇಕೆಗೆ ಇಷ್ಟೆಲ್ಲ ಮಡಿಯೇ ಅಂದುಕೊಳ್ಳುತ್ತಿದ್ದೆ...

ಮರುವರ್ಷ ಮೈಸೂರಿನಲ್ಲಿ ಅಮ್ಮ ಹೋದಳು. ಕೊರೊನಾದಿಂದಲೇ. ನಾಲ್ಕೇ ದಿನ. ನನಗೆ ಹೋಗಲಾಗಲಿಲ್ಲ, ಹೋದರೆ ವಾಪಸು ಬರಲು ಬಾಗಿಲು ಮುಚ್ಚಿತ್ತು. ಕರ್ಮವೆಲ್ಲ ಅಣ್ಣನೇ ಮಾಡಿದ, ನಾನು ಮೊಬೈಲಿನಲ್ಲಿ ನೋಡಿದೆ. ಹದಿಮೂರನೆಯ ದಿನ ಅಣ್ಣ ಹೇಳಿದ, "ನೀನು ಅಲ್ಲೇ ಯಾವ್ದಾದ್ರೂ ಹಸೂಗೆ ಅಕ್ಕಿ-ಬೆಲ್ಲ ಕೊಟ್ಬಿಡು ಕಣೋ. ಅಮ್ಮಂಗೆ ಅಷ್ಟ್ ಸಾಕು."

ಅಷ್ಟು ಸಾಕಾಗಿತ್ತು, ನಿಜ. ನಮ್ಮ ಬೀದಿಗೆ ಶುಕ್ರವಾರ ಬರುತ್ತಿದ್ದ ಹಸುವಿಗೆ ಅಮ್ಮ ಅಕ್ಕಿ-ಬೆಲ್ಲ ತಿನ್ನಿಸಿ, ಕೊನೆಗೆ ಅಂಗೈಯಲ್ಲಿ ಒಂದು ಹಿಡಿ ಕಲ್ಲುಪ್ಪು ನೆಕ್ಕಿಸುತ್ತಿದ್ದಳು. ಅದು ಹೋಗದೆ ನಿಂತರೆ ಬೆನ್ನು ತಟ್ಟಿ, "ಸಾಕು, ಹೋಗಿ ಬಾರಮ್ಮ" ಅನ್ನುತ್ತಿದ್ದಳು. ಆದರೆ ಜಪಾನಿನಲ್ಲಿ ನಾನು ಹಸುವನ್ನು ಎಲ್ಲಿಂದ ತರಲಿ? ಹತ್ತಿರವಿದ್ದ ಒಂದೇ ಒಂದು ಹಾಲಿನ ಫಾರಂ ಸೋಂಕಿನ ಭಯಕ್ಕೆ ಗೇಟು ಹಾಕಿತ್ತು. ಗೇಟಿನಾಚೆ ನಿಂತು ಸುಮಿಮಾಸೆನ್, ಅಂದರೆ ಕ್ಷಮಿಸಿ, ಕ್ಷಮಿಸಿ ಎಂದು ಕೂಗಿದೆ. ಒಳಗಿನಿಂದ ಒಬ್ಬ ಬಂದು ಬಗ್ಗಿ ನಮಸ್ಕರಿಸಿ, ಆಗುವುದಿಲ್ಲವೆಂದು ಕೈ ಆಡಿಸಿದ.

ಆಗ ಆ ಕರುವಿನ ಮುಖ ನೆನಪಾಯಿತು. ಗೊರಸು ಸೀಳಿದೆ, ಮೆಲುಕು ಹಾಕುತ್ತದೆ, ಇನ್ನೇನು ಬೇಕು? ಹೀಗೆಲ್ಲ ನನಗೆ ನಾನೇ ವಾದ ಮಾಡಿಕೊಂಡೆ. ವಾರದ ನಡುವೆ, ಯಾರಿಗೂ ಹೇಳದೆ, ಹೆಂಡತಿಗೂ ಹೇಳದೆ, ಒಬ್ಬನೇ ಹತ್ತಿದೆ. ಎರಡನೆಯ ತಿರುವಿನ ಮೇಲೆ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಅಕ್ಕಿ, ಬೆಲ್ಲ, ಒಂದು ಹಿಡಿ ಉಪ್ಪು ಇಟ್ಟು ದೂರ ಹೋಗಿ ಕುಳಿತೆ. ಅರ್ಧ ಗಂಟೆಗೆ ಕಾಮೋಶಿಕಾ ಬಂತು. ಅಕ್ಕಿಯನ್ನು ಮೂಸಿ ಬಿಟ್ಟಿತು. ಉಪ್ಪನ್ನು ಮಾತ್ರ ಬಂಡೆ ಸವೆಯುವಂತೆ ನೆಕ್ಕಿತು. ಅಮ್ಮ ಹೋದ ಮೇಲೆ ನಾನು ಅತ್ತಿದ್ದು ಅದೇ ಮೊದಲು.

ಅಲ್ಲಿಗೇ ನಿಲ್ಲಿಸಿದ್ದರೆ... ನಿಲ್ಲಿಸಲಿಲ್ಲ. ಪ್ರತಿ ವಾರ ಹೋದೆ. ಆರು ಸಲವೋ ಏಳು ಸಲವೋ. ಅದು ಬರುಬರುತ್ತಾ ನನ್ನ ಹೆಜ್ಜೆಯ ಸದ್ದಿಗೇ ಇಳಿದು ಬರತೊಡಗಿತು. ಒಂದು ದಿನ ಪಕ್ಕದಲ್ಲಿಟ್ಟಿದ್ದ ಬ್ಯಾಗಿನ ಪಟ್ಟಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ ನಿಂತಿತು. ನಾನು ಖುಷಿಪಟ್ಟೆ. ಶನಿವಾರ ಓಜೀಸಾನ್ ಜೊತೆ ಅದೇ ದಾರಿಯಲ್ಲಿ ಹೋಗುವಾಗ ಏನೂ ತಿಳಿಯದವನಂತೆ ಹೆಬ್ಬೆರಳು ಎತ್ತಿ ಅಳೆಯುತ್ತಿದ್ದೆ.

ಶರತ್ಕಾಲದ ಒಂದು ಶನಿವಾರ ನನಗೆ ಮೀಟಿಂಗು ಇತ್ತು, ಓಜೀಸಾನ್ ಒಬ್ಬರೇ ಹೋದರು. ಎರಡನೆಯ ತಿರುವಿನಲ್ಲಿ, ಆ ಬಂಡೆಯ ಕೆಳಗೇ, ಕಾಮೋಶಿಕಾ ನೇರ ಅವರ ಮೇಲೆ ಇಳಿದು ಬಂತಂತೆ. ಅವರು ಕೈ ಎತ್ತಿದರು, ಕೂಗಿದರು. ಅದು ನಿಲ್ಲಲಿಲ್ಲ. ಹಿಂದೆ ಸರಿಯುತ್ತ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಬೇರೆ ಯಾರೋ ಹತ್ತುತ್ತ ಬರುವವರೆಗೆ ಎರಡು ಗಂಟೆ ಅಲ್ಲೇ ಬಿದ್ದಿದ್ದರು.

ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಫೋನು ಮಾಡಿದೆ. ನನ್ನ ಅರೆಬರೆ ಜಪಾನಿಗೆ ಹೊಂದುವಂತೆ ಅವರು ನಿಧಾನವಾಗಿ ಹೇಳಿದರು, "ನಲವತ್ತು ವರ್ಷದಲ್ಲಿ ಒಂದು ಸಲವೂ ಹೀಗೆ ಬಂದಿರಲಿಲ್ಲ. ಯಾಕೆ ಬಂತೋ ಅರ್ಥವಾಗುತ್ತಿಲ್ಲ. ನಾನೇ ಬೆವರು ಒರೆಸಿಕೊಳ್ಳಲಿಲ್ಲ ಅಂತ ಕಾಣುತ್ತದೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನೂ ಫೋನು ಹಿಡಿದೇ ಹೆಗಲು ಒರೆಸಿಕೊಂಡೆ. ಹೇಳಿಬಿಡಬೇಕು ಅಂದುಕೊಂಡೆ. ಇಂಥದ್ದನ್ನು ಫೋನಿನಲ್ಲಿ ಹೇಳುವುದೇ, ಎದುರಿಗೇ ಹೇಳಿದರಾಯಿತು ಅಂತಲೂ ಅಂದುಕೊಂಡೆ. ಹುಷಾರಾಗಿರಿ ಎಂದಷ್ಟೇ ಹೇಳಿ ಇಟ್ಟೆ.

ಮರುದಿನ ಎರಡು ಬಾಟಲಿ ನೀರು, ಒಂದು ಬ್ರಷ್ಷು ಹೊತ್ತು ಹೋಗಿ ಬಂಡೆ ಉಜ್ಜಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಿರುಕಿನೊಳಗೆ ನಾಲ್ಕಾರು ಅಕ್ಕಿಕಾಳು ಇನ್ನೂ ಇದ್ದವು. ಬಿದ್ದು ಮಲಗಿದವರಿಗೆ ಅವು ಅಲ್ಲಿಂದ ಕಂಡಿರಬಹುದೇ? ನಾನೂ ದಾರಿಯಲ್ಲಿ ಮಲಗಿ ನೋಡಿದೆ. ಒಂದು ಕಡೆಯಿಂದ ಕಂಡಂತೆ ಆಯಿತು, ಇನ್ನೊಂದು ಕಡೆಯಿಂದ ಇಲ್ಲ.

ಓಜೀಸಾನ್ ಮತ್ತೆ ನಡೆಯುವಂತಾಗಲಿಲ್ಲ. ಮಗಳು ಕೋಬೆಯ ತನ್ನ ಮನೆಗೆ ಕರೆದೊಯ್ಯಲು ಬಂದಳು. ಸಾಮಾನು ತೆಗೆದುಕೊಳ್ಳಲು ಕಾರು ನಮ್ಮ ಅಂಗಳದಲ್ಲಿ ಹತ್ತು ನಿಮಿಷ ನಿಂತಿತು. ನಾನು ಓಡಿ ಇಳಿದೆ. ಹಿಂದಿನ ಸೀಟಿನಲ್ಲಿ ಮಾಸ್ಕು ಹಾಕಿಕೊಂಡು ಕುಳಿತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಎಲ್ಲವನ್ನೂ ಜಪಾನಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕಿಟಕಿಯ ಗಾಜು ಒಂದು ಗೇಣು ಇಳಿಸಿದರು.

"ನಿಮ್ಮ ತಾಯಿಯವರಿಗೆ... ನಾವು ಇಲ್ಲಿ ತೀರಿಹೋದವರಿಗೆ ಮನೆಯಲ್ಲೇ ಇಡುತ್ತೇವೆ. ಫೋಟೋ ಮುಂದೆ. ಅನ್ನ, ನೀರು. ಅಷ್ಟು ಸಾಕು."

ಕಾರು ಹೋಯಿತು. ನನ್ನ ತಾಯಿ ಹೋದದ್ದು ಅವರಿಗೆ ಗೊತ್ತಿತ್ತು, ನಾನೇ ಹೇಳಿದ್ದೆ. ಆದರೆ ಅಕ್ಕಿಯ ವಿಷಯ? ಯಾರ ಹತ್ತಿರವೂ ಆಡಿರಲಿಲ್ಲ. ಅವರು ಗೊತ್ತಿದ್ದು ಹೇಳಿದರೋ, ಹೊರಡುವ ಹೊತ್ತಿಗೆ ದುಃಖದಲ್ಲಿರುವವನಿಗೆ ನಾಲ್ಕು ಸಮಾಧಾನದ ಮಾತು ಆಡಿದರೋ? ಗೊತ್ತಿದ್ದರೆ, ಬೆವರು ಒರೆಸಿಕೊಳ್ಳಲಿಲ್ಲ ಎಂದು ತಪ್ಪನ್ನು ಯಾಕೆ ತಮ್ಮ ತಲೆಗೆ ಕಟ್ಟಿಕೊಂಡರು? ಕಾಗದ ಬರೆಯಲು ಎಷ್ಟು ಸಲ ಕೂತೆನೋ. ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ. ಮುಂದಿನ ಚಳಿಗಾಲದಲ್ಲಿ ಮಗಳಿಂದ ಬೂದು ಅಂಚಿನ ಕಾರ್ಡು ಬಂತು. ತಂದೆ ತೀರಿಕೊಂಡದ್ದರಿಂದ ಈ ಸಲ ಹೊಸವರ್ಷದ ಶುಭಾಶಯ ಬೇಡ ಎಂದಿತ್ತು. ಹೇಳಬೇಕಾದವರೇ ಹೋದ ಮೇಲೆ ಮಾತನ್ನು ಇಟ್ಟುಕೊಂಡು ಏನು ಮಾಡುವುದು?

ಮೊನ್ನೆ ಪಟ್ಟಿ ನೋಡಿ ಹೆಂಡತಿ, "ಇದನ್ಯಾರ್ರೀ ಹೀಗೆ ಅಗಿದಿದ್ದು?" ಅಂದಳು. ಇಷ್ಟು ವರ್ಷದ ಮೇಲೆ ಅವಳಿಗೆ ಎಲ್ಲ ಹೇಳಿದೆ. ಅವಳು ಒಲೆ ಒರೆಸತೊಡಗಿದಳು. ಆಮೇಲೆ, "ಗೊತ್ತಿದ್ದಿದ್ರೆ ಬೈತಿದ್ರು ಕಣ್ರೀ" ಅಂದಳು. ಒಲೆ ಒರೆಸುತ್ತಿದ್ದವಳು ತಿರುಗಿ, "ಇಲ್ಲ, ಅವರು ಬೈಯೋವ್ರಲ್ಲ" ಅಂದಳು. ಅವಳಿಗೂ ಬಗೆಹರಿಯಲಿಲ್ಲ.

ಇವತ್ತು ಬೆಳಿಗ್ಗೆ ಅಮ್ಮನ ಫೋಟೋ ಮುಂದೆ ಅನ್ನ, ನೀರು ಇಟ್ಟೆ. ಪಕ್ಕದಲ್ಲಿ ಒಂದು ಉಮೆಬೋಶಿಯನ್ನೂ ಇಟ್ಟೆ. ಆಮೇಲೆ ಬೆಟ್ಟಕ್ಕೆ ಹೋದೆ. ಎರಡನೆಯ ತಿರುವಿನಲ್ಲಿ ಕಾಮೋಶಿಕಾ ನಿಂತಿತ್ತು. ಅದೇ ಪ್ರಾಣಿಯೋ, ಅದರ ಮರಿಯೋ, ಬೇರೆ ಯಾವುದೋ, ಗೊತ್ತಿಲ್ಲ. ನನ್ನ ಹೆಜ್ಜೆ ಕೇಳಿ ಇಳಿದು ಬರತೊಡಗಿತು. ಕೈ ಚಾಚಿ ಹೆಬ್ಬೆರಳು ಹಿಡಿದೆ. ಬೆರಳಿನ ಎರಡೂ ಬದಿಗೆ ಕರುವಿನ ಮುಖ ಕಂಡಿತು. ಎರಡೂ ಕೈ ಎತ್ತಿದೆ. ಜಪಾನಿಯಲ್ಲಿ ಕೂಗಬೇಕೆಂದಿದ್ದೆ, ಬಾಯಿಗೆ ಬಂದದ್ದು ಕನ್ನಡವೇ.

"ಹೋಗಮ್ಮ" ಎಂದು ಕೂಗಿದೆ. ಅದು ನಿಂತು ನನ್ನನ್ನೇ ನೋಡಿತು. ಯಾರನ್ನೂ ಬರೀ ಹೋಗು ಅನ್ನಬಾರದು, ಹೋಗಿ ಬಾ ಅನ್ನಬೇಕು ಎಂದು ಕಲಿಸಿದವಳ ಮಗ ನಾನು. ಇನ್ನೂ ಗಟ್ಟಿಯಾಗಿ ಕೂಗಿದೆ.

"ಹೋಗಮ್ಮ... ಬರಬೇಡ."