ಅಕ್ಕನ ಹೆಸರು ದುಂಡಕ್ಷರದಾಗ

ವಾಡಿ ಸ್ಟೇಷನ್ ರಸ್ತೆದಾಗ ನಂದೊಂದು ಫ್ಲೆಕ್ಸ್ ಅಂಗಡಿ ಅದ. ಕಂಪ್ಯೂಟರ್‌ನ್ಯಾಗ ಕನ್ನಡ ಫಾಂಟ್ ಬೇಕಾದಷ್ಟು ಅವ, ಆದ್ರ ಗಿರಾಕಿ ಕೇಳೋದು ಒಂದೇ: ಆ ದುಂಡಂದು. ದಪ್ಪ, ಗುಂಡಗುಂಡಗ, ಒಂದಕ್ಷರ ಮ್ಯಾಲ, ಒಂದಕ್ಷರ ಕೆಳಗ, ಎಣ್ಣ್ಯಾಗ ಉಬ್ಬಿದ ಪೂರಿ ಇದ್ದಂಗ. ಬರ್ತ್‌ಡೇಕ್ಕ ಅದೇ, ಕುಲ್ಫಿ ಗಾಡಿಗಿ ಅದೇ, ತೊಟ್ಟಿಲ ಕಾರ್ಯಕ್ಕೂ ಅದೇ. ಸತ್ತವರ ಫ್ಲೆಕ್ಸಿಗಿ ಮಾತ್ರ ನಾ ಅದನ್ನ ಮುಟ್ಟಲ್ಲ. ಸಾವಿಗಿ ತೆಳ್ಳಗ, ನೆಟ್ಟಗ ಇರೋ ಅಕ್ಷರನೇ ಆಗಬೇಕು. ಇದರ ಸಲುವಾಗಿ ಗಿರಾಕಿ ಸಂಗಟ ಜಗಳಾನೂ ಮಾಡೀನಿ.

ಅಕ್ಕ-ತಂಗಿ ನಮ್ಮಿಬ್ಬರೊಳಗ ಆ ದುಂಡಕ್ಷರದ ಮ್ಯಾಲ ಅಕ್ಕಗೇ ಭಾಳ ಜೀವ. ಭಂಕೂರದಾಗ ಅಂಗನವಾಡಿ ಟೀಚರ್ ಇದ್ಳು. ಗೋಡಿಗಿ ಹಚ್ಚಲಿಕ್ಕ ಅ ಆ ಇ ಈ ಎಲ್ಲಾ ಅದರಾಗೇ ಹೊಡಿಸ್ಕೊಂಡು ಹೋಗಿದ್ಳು. "ಇವನ್ನ ಕಂಡ್ರ ಹುಡುಗ್ರು ಅಂಜಲ್ಲ ನೋಡು, ಕೈ ಹಚ್ಚಿ ಆಡಸ್ತಾವ" ಅಂತಿದ್ಳು. ಆಕಿ ಮಗಳೂ ಆ ಗೋಡಿ ಮುಂದ ಕುಂತೇ ಓದಲಿಕ್ಕ ಕಲ್ತಾಳ. ಒತ್ತಕ್ಷರ ಇನ್ನಾ ಬರ್ತಿರಲಿಲ್ಲ.

ಹೋದ ವರ್ಷ ಅಕ್ಕಗ ಜ್ವರ ಬಂತು. ಕಲಬುರಗಿ ದವಾಖಾನಿಗಿ ಒಯ್ದ್ರು, ಹೋದಾಕಿ ಜೀವಂತ ಬರಲಿಲ್ಲ. ಮಣ್ಣು ಮಾಡೋ ಹೊತ್ತಿಗಿ ಮಗಳನ್ನ ಬಾಜು ಮನ್ಯಾಗ ಇಟ್ಟು, "ಅವ್ವ ಊರಿಗಿ ಹೋಗ್ಯಾಳ" ಅಂತ ಹೇಳಿಬಿಟ್ರು.

ಮರುದಿನ ಮಾವ, ಅಂದ್ರ ಅಕ್ಕನ ಗಂಡ, ಅಂಗಡಿಗಿ ಬಂದ. ಮೂರನೇ ದಿನದ ಕಾರ್ಯಕ್ಕ ಮನಿ ಮುಂದ ಫ್ಲೆಕ್ಸ್ ಕಟ್ಟಬೇಕಲ್ಲ. ನಮ್ಮ ಕಡಿ ಅದಿಲ್ದ ಮದುವಿನೂ ಇಲ್ಲ, ಸಾವೂ ಇಲ್ಲ.

"ಹೆಸರು ಆ ದುಂಡಕ್ಷರದಾಗ ಹಾಕು" ಅಂದ.

ನನಗ ಸಿಟ್ಟು ನೆತ್ತಿಗೇರ್ತು. "ತಲಿ ಕೆಟ್ಟದೇನ್ ಮಾವಾ? ಬರ್ತ್‌ಡೇ ಮಾಡಲಿಕತ್ತೀವೇನು? ಮಂದಿ ಬಾಯಿ ಮುಚ್ಚಲಿಕ್ಕಾಗ್ತದ?"

"ಮಂದಿ ಏನರೆ ಅನ್ಲಿ. ಹುಡುಗಿ ಬಾಗಲ್ದಾಗ ಕುಂತು ದಾರಿ ಕಾಯಲಿಕತ್ತದ. ನನ್ನ ಬಾಯಿಲೆ ಹೇಳಲಿಕ್ಕ ಆಗಲ್ದವ್ವಾ. ಆಕಿಗಿ ಓದಲಿಕ್ಕ ಬರೋದು ಆ ಅಕ್ಷರ ಅಷ್ಟೇ, ತಾನೇ ಓದಿ ತಿಳ್ಕೊಳ್ಲಿ" ಅಂದು ಅಳಲಿಕತ್ತ.

ಅಕ್ಕನ ಫೋಟೋ ಕೆಳಗ ಹೆಸರು ದುಂಡಕ್ಷರದಾಗೇ ಹಾಕ್ದೆ. ಮ್ಯಾಲಿನ "ಭಾವಪೂರ್ಣ ಶ್ರದ್ಧಾಂಜಲಿ" ಮಾತ್ರ ತೆಳ್ಳನ್ನ ಅಕ್ಷರದಾಗ ಇಟ್ಟೆ. ಅಷ್ಟು ಹಟ ನಾ ಬಿಡಲಿಲ್ಲ.

ಕಾರ್ಯದ ದಿನ ಹಿರ್ಯಾರು ಗೊಣಗಿದ್ರು. "ಥೂ, ಇದೇನ್ ಆಟ ಹಚ್ಚೀರಿ? ಇಳಿಸ್ರಿ ಅದನ್ನ!" ಮಾವ ಫ್ಲೆಕ್ಸಿನ ಬಂಬು ಹಿಡ್ಕೊಂಡು ನಿಂತ, ಇಳಿಸಗೊಡಲಿಲ್ಲ.

ಅಷ್ಟ್ರಾಗ ಹುಡುಗಿ ಬಂದ್ಳು. ಒಂದೊಂದೇ ಅಕ್ಷರದ ಮ್ಯಾಲ ಬಟ್ಟು ಇಟ್ಟು ಹೆಸರು ಓದಿದ್ಳು. ಮುಖ ಅರಳ್ತು, ನನ್ನ ಕಡಿ ತಿರುಗಿದ್ಳು.

"ಚಿಗವ್ವಾ, ಅವ್ವಂದು ಬರ್ತ್‌ಡೇ ಏನು? ಇವತ್ತ ಬರ್ತಾಳ?"

ಮಾವ ನೆಲ ನೋಡಲಿಕತ್ತ. ಹುಡುಗಿ ಮ್ಯಾಲಿನ ಸಾಲಿಗಿ ಬಟ್ಟು ಮಾಡಿದ್ಳು.

"ಮ್ಯಾಲಿಂದು ನನಗ ಬರಲ್ಲ, ನೀ ಓದು" ಅಂದ್ಳು.

ನಾ ಕೆಳಗ ಕುಂತು ಆಕಿನ್ನ ತೊಡಿ ಮ್ಯಾಲ ಕೂಡಿಸ್ಕೊಂಡೆ. "ಅವ್ವ ಸತ್ತಾಳ ಕೂಸಾ. ಇನ್ನ ಬರಲ್ಲ" ಅಂದೆ.

ಆಕಿ ತಿರುಗಿ ಮ್ಯಾಲಿನ ಸಾಲು ನೋಡಿದ್ಳು.

"ಹಂಗಂತ ಬರ್ದದೇನು?"

"ಹೂಂ, ಹಂಗೇ ಬರ್ದದ."